ಪಟ್ಟದ ಗೊಂಬೆ ತಿರುಗಿಸಲು ಹೋಗಿ

ಬೇರಿಂಗ್ ಪಾಠ ನನಗೆ ಕರತಲಾಮಲಕ. ನಲವತ್ತು ದಾಟಿದ ಮೇಲೆ ಸಂಜೆಯ ಮೆಕ್ಯಾನಿಕಲ್ ಡಿಪ್ಲೊಮಾಗೆ ಸೇರಿದವನು ನಾನು. ಓದಿದ್ದನ್ನು ಮನೆಯಲ್ಲಿ ತೋರಿಸದೆ ಬಿಡುವುದುಂಟೆ? ಈ ನವರಾತ್ರಿಗೆ ಹೆಂಡತಿ ರತ್ನಳ ತವರಿನಿಂದ ಬಂದ ಪಟ್ಟದ ಗೊಂಬೆಗಳನ್ನು, ಅಂದರೆ ರಾಜ-ರಾಣಿಯನ್ನು, ತಿರುಗಿಸಿಯೇ ತೀರುವುದೆಂದು ನಿರ್ಧರಿಸಿದೆ.

"ಅಮ್ಮ ಕೊಟ್ಟಿದ್ದು ಕಣ್ರೀ. ರಾಣಿ ಮೂಗು ಮುಕ್ಕಾದ್ರೆ ನಾನು ಸುಮ್ನಿರಲ್ಲ!"

"ಗುಂಡು ಗಿಂಡು ಏನೂ ಇಲ್ಲ, ಲೋಹದ ಮೇಲೆ ಲೋಹ ನುಣ್ಣಗೆ ಜಾರೋ ಬೇರಿಂಗ್ ಕಣೇ. ಸೈನ್ಸು!"

ಗೊಂಬೆ ಕೂರಿಸುವ ಮರದ ಮೆಟ್ಟಿಲುಗಳಲ್ಲಿ ಮೇಲಿನದಕ್ಕೆ ದುಂಡನೆಯ ತೂತು ಕೊರೆದೆ. ಅದರೊಳಗೆ ಹಿಡಿಸುವ ದುಂಡು ಹಲಗೆಗೆ ಕಬ್ಬಿಣದ ಸರಳು ಜೋಡಿಸಿ, ಸರಳನ್ನು ಕೆಳಗಿನ ಅಡ್ಡಪಟ್ಟಿಯ ಹಿತ್ತಾಳೆ ಕೊಳವೆ, ಅಂದರೆ ಬುಶ್‌ನೊಳಗೆ ತೂರಿಸಿದೆ. ಹಲಗೆಯ ಮೇಲೆ ಗೊಂಬೆಗಳನ್ನು ನಿಲ್ಲಿಸಿ, ಸರಳಿಗೆ ಬೆಲ್ಟು ಹಾಕಿ ಹಳೆಯ ಮೋಟಾರು ಕಟ್ಟಿದೆ. ರಾಜ-ರಾಣಿ ತಿರುಗಿದರು! ಕಿರ್ರೋ ಎಂದು ಕಿರುಚಿದರು ಕೂಡ.

"ಈ ಸದ್ದಲ್ಲಿ ಆರತಿ ಹಾಡು ಯಾರಿಗ್ರೀ ಕೇಳ್ಸತ್ತೆ?" ಎಂದಳು ರತ್ನ. ಬಾಗಿಲಲ್ಲಿ ಆಗಲೇ ವಿದ್ಯಾರಣ್ಯಪುರದ ಅರ್ಧ ಹೆಂಗಸರು. ಬುಶ್‌ಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಸುರಿದೆ.

ಸದ್ದು ನಿಂತಿತು. ರಾಜ-ರಾಣಿ ಇಳಿಯತೊಡಗಿದರು.

ಆಗ ಪಾಠ ನೆನಪಾಯಿತು. ಬುಶ್ ತಡೆಯುವುದು ಸರಳನ್ನು ಪಕ್ಕಕ್ಕೆ ತಳ್ಳುವ ಭಾರವನ್ನು. ಮೇಲಿನಿಂದ ಕೂರುವ ಭಾರಕ್ಕೆ ಸರಳಿನ ಬುಡದಲ್ಲಿ ಫುಟ್‌ಸ್ಟೆಪ್ ಬೇರಿಂಗ್ ಎಂಬ ಬಟ್ಟಲು ಬೇಕು. ಅದನ್ನೇ ಮರೆತಿದ್ದೆ! ಇಷ್ಟು ಹೊತ್ತು ಗೊಂಬೆಗಳನ್ನು ಹಿಡಿದಿದ್ದದ್ದು ಬುಶ್‌ನ ಬಿಗಿ. ಅದಕ್ಕೂ ಎಣ್ಣೆ ಹೊಯ್ದು ಬೀಳ್ಕೊಟ್ಟಿದ್ದೆ.

"ಅಯ್ಯೋ, ರಾಜ್ರು ಸೊಂಟದವರ್ಗೂ ಮುಳುಗ್ಬುಟ್ರು ಕಣಮ್ಮ!" ಎಂದರು ಪಕ್ಕದ ಮನೆಯ ಜಯಮ್ಮ.

ಮೆಟ್ಟಿಲಿಗೆ ಹೊದಿಸಿದ್ದ ಬಿಳಿ ಪಂಚೆಯೊಳಗೆ ನುಸುಳಿದೆ. ತಲೆ ಮೇಲೆ ತೆಂಗಿನ ಕರಟ ಇಟ್ಟು, ಸರಳಿನ ತುದಿಯನ್ನು ಅದರಲ್ಲಿ ಕೂರಿಸಿ, ಮೆಲ್ಲಗೆ ಎದ್ದೆ. ರಾಜ-ರಾಣಿಯೂ ಎದ್ದರು. ಚಪ್ಪಾಳೆ!

"ನಿಮ್ಮೆಜಮಾನ್ರು ಕಾಣಿಸ್ತಾನೇ ಇಲ್ವಲ್ಲ ರತ್ನಮ್ಮ?"

"ಎಲ್ಲಾ ಅವರ ತಲೆ ಮೇಲೇ ನಡೀತಿದೆ ಕಣ್ರೀ," ಎಂದಳು ರತ್ನ, ಹಲ್ಲು ಕಚ್ಚಿಕೊಂಡು.

ಎಣ್ಣೆ ಸರಳಿನುದ್ದಕ್ಕೂ ಇಳಿದು, ಕರಟ ತುಂಬಿ, ನನ್ನ ಮೂಗಿಗೆ ಬಂತು. ಸೀನಿದೆ. ರಾಜ-ರಾಣಿ ಛಂಗನೆ ಹಾರಿ ಮತ್ತೆ ಕೂತರು. "ತಾಯಿ ಚಾಮುಂಡೀ!" ಎಂದು ಹೆಂಗಸರೆಲ್ಲ ಕೈಮುಗಿದರು. ಒಬ್ಬೊಬ್ಬರೂ ಇನ್ನೊಂದು ಹಾಡು ಹೇಳಿದರು!

ರಾಣಿಯ ಮೂಗು ಮುಕ್ಕಾಗಲಿಲ್ಲ. ನನ್ನ ಕತ್ತು ಮಾತ್ರ ಚಾಮುಂಡಿ ಬೆಟ್ಟದ ಕಡೆಗೇ ತಿರುಗಿ ನಿಂತುಬಿಟ್ಟಿತು.

ದಸರಾ ರಜೆ ಮುಗಿದ ಮೇಲೆ ಕ್ಲಾಸಿನಲ್ಲಿ ಮೇಷ್ಟ್ರು ನನ್ನನ್ನೇ ಎಬ್ಬಿಸಿದರು. "ನೆಟ್ಟಗೆ ನಿಂತ ಶಾಫ್ಟಿನ ಭಾರ ಹೊರೋದು ಯಾವುದ್ರೀ?"

ಓರೆ ಕತ್ತಿನಲ್ಲೇ ಉತ್ತರಿಸಿದೆ.

"ಗಂಡ, ಸಾರ್!"