ಸಮುದ್ರದ ದಂಡೆಯಲ್ಲಿ ಮಾವ ಹಿಡಿದ ಸೀಟು

ನನ್ನ ಸೋದರಮಾವ ಈವರೆಗೆ ಒಂದು ಊರನ್ನೂ ಸರಿಯಾಗಿ ನೋಡಿಲ್ಲ! ಹಾಗಂತ ಮಸ್ಕಿ ಬಿಟ್ಟು ಹೊರಗೆ ಕಾಲಿಟ್ಟಿಲ್ಲವೆಂದು ತಿಳಿಯಬೇಡಿ. ತಿಂಗಳಿಗೆ ಎರಡು ಊರಾದರೂ ಸುತ್ತುತ್ತಾರೆ. ಆದರೆ ಹೋದಲ್ಲೆಲ್ಲ ಅವರು ನೋಡುವುದು ಬಸ್ಸುಗಳನ್ನು. ಮುದಗಲ್ಲಿಗೆ ಹೋಗಿ ಬಂದಾಗ "ಕೋಟೆ ಹೆಂಗೈತಿ ಮಾವ?" ಎಂದು ಕೇಳಿದೆ. "ಕೋಟೆ ಎಲ್ಲಿಗಿ ಹೋಗ್ತೈತೆವ್ವಾ, ಅಲ್ಲೇ ಇರ್ತೈತಿ. ಲಿಂಗಸುಗೂರು ಬಸ್ಸು ಹೊಂಟಿತ್ತು, ಹತ್ತಿ ಬಂದೆ" ಎಂದರು. ಇದಕ್ಕೆ ಏನು ಹೇಳುತ್ತೀರಿ?

ಮನೆಯೊಳಗೆ ಕೂತು ಹಾರ್ನ್ ಕೇಳಿಯೇ ಬಸ್ಸು ಯಾವುದೆಂದು ಹೇಳಬಲ್ಲರು. ಒಮ್ಮೆ ಊಟದ ನಡುವೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಸಿಂಧನೂರಿಂದು. ಡ್ರೈವರ್ ಹೊಸಬ ಬಂದಾನ" ಎಂದರು. ಇದೆಂಥ ಬುರುಡೆ ಎಂದು ನಾನು ಎಂಜಲು ಕೈಯಲ್ಲೇ ರಸ್ತೆಗೆ ಓಡಿದೆ. ಬಸ್ಸು ಸಿಂಧನೂರಿನದೇ! ಕಂಡಕ್ಟರನನ್ನು ಕೇಳಿದರೆ, "ಹೌದ್ರೀ ಅಕ್ಕಾರ, ಇವತ್ತ ಡ್ಯೂಟಿಗೆ ಬಂದಾರ" ಎಂದ. ನಾನು ತೆಪ್ಪಗೆ ಬಂದು ಮತ್ತೆ ತಾಟಿನ ಮುಂದೆ ಕೂತೆ.

ಇನ್ನು ಅವರ ಟವೆಲ್ಲು! ಬಸ್ಸು ಪೂರ್ತಿ ನಿಲ್ಲುವುದರೊಳಗೆ ಹೆಗಲ ಮೇಲಿನದು ಕಿಟಕಿಯಿಂದ ಹಾರಿ, ಬೇಕಾದ ಸೀಟಿನ ಮೇಲೆ ಬಿದ್ದಿರುತ್ತದೆ. ತವರೂರು ಮುಕ್ಕುಂದದಿಂದ ಮಾವನ ಕೈಹಿಡಿದು ಬಂದಾಗಿನಿಂದ ನಮ್ಮ ಅತ್ತಿ ಬಸ್ಸಿನಲ್ಲಿ ಒಂದು ದಿನವೂ ನಿಂತವರಲ್ಲ. ಗುರಿ ಒಮ್ಮೆ ಮಾತ್ರ ತಪ್ಪಿದೆ. ಸಿಂಧನೂರಿನಲ್ಲಿ ತುರ್ವಿಹಾಳದ ಬಸ್ಸೆಂದು ಹಿಡಿದ ಸೀಟು, ತೊಳೆಯಲು ಹೊರಟಿದ್ದ ಬಸ್ಸಿನದಾಗಿ, ಇಬ್ಬರೂ ಡಿಪೋ ಸೇರಿದರು. ಅತ್ತಿ ಬೈದರೇ? ಇಲ್ಲ! "ಸೀಟ್ ಮಾತ್ರ ಛಲೋ ಸಿಕ್ಕಿತ್ತು ನೋಡವ್ವಾ" ಎಂದು ಇವತ್ತಿಗೂ ಹೇಳುತ್ತಾರೆ.

ಇಂಥ ಅತ್ತಿಯದು ಒಂದೇ ಆಸೆ. ಸಮುದ್ರದ ನೀರು ಒಮ್ಮೆ ಕಾಲಿಗೆ ಹತ್ತಬೇಕು. ಆ ಕಾಲುಗಳೋ, ಮೊಣಕಾಲು ಸವೆದು ಹತ್ತು ಹೆಜ್ಜೆಗೊಮ್ಮೆ ಕೂರಿಸುತ್ತವೆ. ಕುರ್ಚಿಯೇ ಬೇಕು, ನೆಲಕ್ಕೆ ಕೂತರೆ ಏಳಲಾಗದು. ಬರುವ ವರ್ಷಕ್ಕೆ ಇಷ್ಟು ನಡೆಯುವುದೂ ಆಗಲಿಕ್ಕಿಲ್ಲ ಎಂದಿದ್ದರು ಡಾಕ್ಟರು. ನಾನು ಕಲಿಸುವ ಶಾಲೆಗೆ ರಜೆ ಬಿದ್ದದ್ದೇ ತಡ, ಮೂವರೂ ಗೋಕರ್ಣಕ್ಕೆ ಹೊರಟೆವು.

ಇಳಿದು ಅರ್ಧ ಗಂಟೆಯಾಗಿಲ್ಲ, ಮಾವ ಮಾಯ! ಹುಡುಕಿಕೊಂಡು ಹೋದರೆ ಬಸ್ ಸ್ಟ್ಯಾಂಡಿನಲ್ಲಿ ದರ್ಬಾರು ನಡೆಸಿದ್ದಾರೆ. ಕುಮಟೆಯ ಬಸ್ಸು ಎಲ್ಲಿ ನಿಲ್ಲುತ್ತದೆ, ಓಂ ಬೀಚಿಗೆ ಆಟೋ ಎಲ್ಲಿ ಸಿಗುತ್ತದೆ, ಬಾಡಿಗೆ ಸ್ಕೂಟರಿನಲ್ಲಿ ಯಾವುದರ ಬ್ರೇಕು ನೆಟ್ಟಗಿದೆ, ತದಡಿಯಲ್ಲಿ ಹೊಳೆ ದಾಟಿಸುವ ದೋಣಿ ಯಾವಾಗ ಬಿಡುತ್ತದೆ, ಎಲ್ಲವೂ ನಾಲಿಗೆಯ ತುದಿಯಲ್ಲಿ! ಇಬ್ಬರು ವಿದೇಶಿಯರಿಗೆ ಬರೀ ಕೈಸನ್ನೆಯಲ್ಲೇ ದಾರಿ ಹೇಳಿ ಬಸ್ಸು ಹತ್ತಿಸಿದರು. ಮರುದಿನ ಅವರು ಎದುರು ಬಂದು ಕೈಮುಗಿದಾಗ ನಾನು ದಂಗಾದೆ. ಹುಟ್ಟಿದಾಗಿನಿಂದ ಕನ್ನಡ ಮಾತಾಡುವ ನನಗೇ ಲಾಡ್ಜಿನ ದಾರಿ ಇನ್ನೂ ಗೊತ್ತಿರಲಿಲ್ಲ!

ಆದರೆ ಅತ್ತಿಯನ್ನು ನೀರಿನವರೆಗೆ ಒಯ್ಯುವ ಗಾಡಿಯೊಂದು ಸಿಗಬೇಕಲ್ಲ? ಆಟೋ ಸಿಮೆಂಟ್ ರಸ್ತೆಯ ತುದಿಯಲ್ಲೇ ನಿಂತಿತು. ಅಲ್ಲಿಂದ ಮುಂದೆ ಬರೀ ಉಸುಕು. ಸ್ಕೂಟರಿನ ಗಾಲಿ ಉಸುಕಿನಲ್ಲಿ ಹೂತುಕೊಂಡು ಅದನ್ನು ಮೂವರು ದಾರಿಹೋಕರು ಎತ್ತಬೇಕಾಯಿತು. ಕಡೆಗೆ ದೋಣಿ ನೋಡುತ್ತೇನೆಂದು ಮಾವ ಓಂ ಬೀಚಿಗೆ ನನ್ನನ್ನು ಎಳೆದುಕೊಂಡು ಹೋದರು. ದೋಣಿ ಕಂಡದ್ದೇ ಕೈ ಸುಮ್ಮನಿರಬೇಕೇ? ಟವೆಲ್ ಎಸೆದೇಬಿಟ್ಟರು! ನಾವು ಹತ್ತುವ ಮೊದಲೇ ದೋಣಿ ಹೊರಟಿತು. ನಡುನೀರಿನಲ್ಲಿ ದೋಣಿಯವನು ನೋಡುತ್ತಾನೆ, ಸೀಟಿನ ಮೇಲೆ ಟವೆಲ್ ಇದೆ, ಮನುಷ್ಯನಿಲ್ಲ! ಎದೆ ಒಡೆದವನಂತೆ ಕೂಗುತ್ತ ದೋಣಿ ತಿರುಗಿಸಿದ.

"ನಂದ್ರೀ ಅದು. ಸೀಟ್ ಹಿಡಿದಿದ್ದೆ" ಎಂದರು ಮಾವ, ದಂಡೆಯ ಮೇಲಿಂದ.

"ಅಯ್ಯೋ ಮಾರಾಯ್ರೇ! ಯಾರೋ ನೀರಿಗೆ ಬಿದ್ರು ಅಂತ ಜೀವ ಹೋಗಿತ್ತು!"

ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಮಾವ ನಗಲಿಲ್ಲ. ಆ ದೋಣಿಗೂ ನೀರಿಗಿಳಿದು ಕಾಲೆತ್ತಿ ಹತ್ತಬೇಕಿತ್ತು. ಅತ್ತಿಯಿಂದ ಅದು ಆಗದ ಮಾತು. ಲಾಡ್ಜಿಗೆ ಬಂದು, "ಗಾಡಿ ಇಲ್ಲ" ಎಂದರು. ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ಇರ್ಲಿ ಬಿಡ್ರಿ, ದೂರಿಂದ ನೋಡೀನಲ್ಲ, ಸಾಕು" ಎಂದರು ಅತ್ತಿ. ಹಾಗೆಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಹುಬ್ಬಳ್ಳಿ ಬಸ್ಸು. ಚಹಾ ಕುಡಿಯಲು ಆಟೋದಲ್ಲಿ ದಂಡೆಯ ಅಂಗಡಿಗೆ ಹೋದೆವು. ಮಾವ ಕಪ್ಪು ಕೆಳಗಿಟ್ಟವರೇ ಅಂಗಡಿಯವನನ್ನು ಕೇಳಿ ಎರಡು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡರು. ಒಂದನ್ನು ಉಸುಕಿನ ಅಂಚಿಗಿಟ್ಟು ಅತ್ತಿಯನ್ನು ಕೂರಿಸಿದರು. ಇನ್ನೊಂದನ್ನು ಹತ್ತು ಹೆಜ್ಜೆ ಮುಂದಿಟ್ಟು, ಅದರ ಮೇಲೆ ಟವೆಲ್ ಎಸೆದು ಕಂಡಕ್ಟರನ ದನಿಯಲ್ಲಿ ಕೂಗಿದರು: "ಮುಕ್ಕುಂದ ಬಿಟ್ಟೈತಿ, ಮುಂದ ಸಿಂಧನೂರು! ಸೀಟ್ ಹಿಡಿದೀನಿ, ಬಾ!"

ಅತ್ತಿ ನನ್ನ ಹೆಗಲು ಹಿಡಿದು ನಡೆದು "ಸಿಂಧನೂರಿನಲ್ಲಿ" ಕೂತರು. ಮಾವ ಹಿಂದಿನ ಕುರ್ಚಿ ತಂದು ಮುಂದಿಟ್ಟು "ಮಸ್ಕಿ!" ಎಂದರು. ಜನ ನಿಂತು ನೋಡಿದರು. ಮಾವನಿಗೆ ಅದರ ಪರಿವೆಯೇ ಇಲ್ಲ.

ಮಸ್ಕಿಯಲ್ಲಿ ಅತ್ತಿ ಮೊಣಕಾಲು ಹಿಡಿದುಕೊಂಡು, "ನಮ್ಮನಿ ಬಂತಲ್ರೀ, ಇಲ್ಲೇ ಇಳೀತೀನಿ" ಎಂದರು.

"ಇವತ್ತು ಬಸ್ಸು ಮುಂದ ಹೊಂಟೈತಿ, ಸುಮ್ಮನ ಕೂಡು!"

ಲಿಂಗಸುಗೂರು ಆಯಿತು, ಮುದಗಲ್ ಆಯಿತು. ನಮ್ಮ ಕಡೆಯ ಊರುಗಳು ಮುಗಿದರೂ ನೀರು ಬರಲಿಲ್ಲ. ಮಾವ ಬಾಯಿಗೆ ಬಂದ ಊರನ್ನೆಲ್ಲ ಕೂಗುತ್ತ, ಬೆವರು ಸುರಿಸುತ್ತ ಕುರ್ಚಿ ಹೊತ್ತರು. ಕಡೆಯದನ್ನು ಹಸಿ ಉಸುಕಿನಲ್ಲಿ ಊರಿ ಟವೆಲ್ ಹಾಸಿದರು. ಅತ್ತಿ ಕೂತು ಸೀರೆಯ ಅಂಚು ತುಸು ಎತ್ತಿದರು. ತೆರೆಯೊಂದು ಬಂದು ಎರಡೂ ಪಾದ ಮುಳುಗಿಸಿತು. ಅತ್ತಿ ಸಣ್ಣ ಹುಡುಗಿಯಂತೆ ಕಿರುಚಿದರು. ಆಮೇಲೆ ಅತ್ತರು.

ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿತು. ನಾನು ಗಡಿಯಾರ ನೋಡಿ ಗಾಬರಿಯಾದೆ. "ಮಾವ, ಹತ್ತಾತು! ನಮ್ಮ ಬಸ್ಸು!"

"ಗೊತ್ತೈತವ್ವಾ, ನಮ್ಮದ ಅದು" ಎಂದರು ಮಾವ, ಹಸಿ ಉಸುಕಿನಲ್ಲಿ ಅತ್ತಿಯ ಕುರ್ಚಿಯ ಪಕ್ಕ ಕೂರುತ್ತ. "ಹೋಗ್ಲಿ ಬಿಡು."

ಅತ್ತಿ ಕಣ್ಣೊರೆಸಿಕೊಂಡು ಕೇಳಿದರು: "ಈ ಬಸ್ಸು ಎಷ್ಟೊತ್ತು ನಿಲ್ತೈತ್ರೀ?"

"ನಿನಗ ಸಾಕನಸೂ ತನಕ."