ಅನುಶ್ರೀಗೆ ಬಿದ್ದ ಕನಸು

ಕಟ್ಟೆಮಳಲವಾಡಿಯ ಮಹೇಂದ್ರ ಕುಡಿಯುವವನಲ್ಲ. ಇಸ್ಪೀಟಿನ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಹೆಂಡತಿಗೆ ಒಂದು ದಿನವೂ ಗದರಿದವನಲ್ಲ. ಆದರೂ ಮದುವೆಯಾದ ನಾಲ್ಕೇ ತಿಂಗಳಿಗೆ ಅನುಶ್ರೀ ಗೋಡೆ ಕಡೆ ಮುಖ ಮಾಡಿ ಮಲಗುವಂತಾಗಿತ್ತು. ಕಾರಣ ಇಷ್ಟೇ, ಗಂಡ ನಾರುತ್ತಿದ್ದ.

ಹೊಗೆಸೊಪ್ಪು ಬೇಯಿಸುವ ಕಾಲ. ಹಗಲೆಲ್ಲ ಬ್ಯಾರನ್ ಎಂಬ ಸೊಪ್ಪು ಬೇಯಿಸುವ ಮನೆಯ ಬೆಂಕಿ ಮುಂದೆ ಕೂತು ಬರುವವನ ಮೈಯಲ್ಲಿ ಬೆವರು, ಹೊಗೆ, ಸೊಪ್ಪಿನ ಅಂಟು ಮೂರೂ ಸೇರಿ ತ್ರಿವೇಣಿ ಸಂಗಮವಾಗುತ್ತಿತ್ತು. ಸ್ನಾನ ಏನಿದ್ದರೂ ಸೋಮವಾರ, ಶನಿವಾರ. (ಮದುವೆಗೆ ಮುಂಚೆ ಸಾಲಾವಳಿ ನೋಡಿದ ಜೋಯಿಸ ಕಂಠಪ್ಪನವರು ಮೂವತ್ತಾರಕ್ಕೆ ಇಪ್ಪತ್ತೆಂಟು ಗುಣ ಕೂಡಿದೆ ಎಂದಿದ್ದರು. ಮೂಗಿನ ವಿಚಾರ ಯಾರೂ ಕೇಳಿರಲಿಲ್ಲ.)

ನೇರವಾಗಿ ಹೇಳೋಣವೆಂದರೆ ಅವನು ಮೆತ್ತಗಿನ ಮನುಷ್ಯ. ಸಾರಿಗೆ ಉಪ್ಪು ಹೆಚ್ಚಾದರೂ ಹೆಂಡತಿ ನೊಂದಾಳೆಂದು ಮಜ್ಜಿಗೆ ಬೆರೆಸಿಕೊಂಡು ಉಣ್ಣುವವನು. ಅಂಥವನಿಗೆ ನಾರುತ್ತೀರಿ ಎನ್ನಲು ಅನುಶ್ರೀಗೆ ಬಾಯಿ ಬರಲಿಲ್ಲ. ಕೊನೆಗೆ ಊರ ಮಾರಮ್ಮನನ್ನೇ ನಡುವೆ ತಂದಳು.

“ರೀ, ಬೆಳಗಿನ ಜಾವ ಕನ್ಸಲ್ಲಿ ಮಾರಮ್ಮ ಬಂದಿದ್ಲು. ಬ್ಯಾರನ್ ಮುಗಿಯೋಗಂಟ ನಿನ್ ಗಂಡ ದಿನಕ್ಕೆರಡ್ ಸಲ ಸೀಗೆಕಾಯಿ ಆಕಂಡು ಸ್ನಾನ ಮಾಡ್ಲಿ ಅಂದ್ಲು.”

ಮಹೇಂದ್ರ ಕೂತಲ್ಲೇ ಕೈ ಮುಗಿದ. ಅನುಶ್ರೀ ಒಳಗೊಳಗೇ ನಗುತ್ತಿರುವಾಗ ಅತ್ತೆ ಚಿಕ್ಕಬೀರಮ್ಮ ಅಡುಗೆಮನೆಯಿಂದ ಬಂದರು.

“ಅಮ್ಮನ ಅರ್ಕೆ ಅಂದ್ರೆ ಬರೀ ನೀರ್ ಉಯ್ಕೊಳ್ಳೋದಲ್ಲ ಕಣ್ಲಾ. ಮಡೀಲಿರ್ಬೇಕು. ಬಾಡು ತಿನ್ನಂಗಿಲ್ಲ. ಎಡ್ತಿ ತಾವ ಮಲಗಂಗಿಲ್ಲ. ಇವತ್ತಿಂದ ನಿನ್ ಚಾಪೆ ಜಗಲಿ ಮ್ಯಾಲೆ.”

ಅನುಶ್ರೀಯ ನಗು ಅಲ್ಲೇ ಒಣಗಿತು.

ಮಹೇಂದ್ರ ಹರಕೆಯನ್ನು ಚಾಚೂ ತಪ್ಪದೆ ನಡೆಸಿದ. ಸಂಜೆ ಮಿಂದು, ಹಣೆಗೆ ವಿಭೂತಿ ಇಟ್ಟು ಅಂಗಳ ದಾಟಿದರೆ ಮನೆಯೆಲ್ಲ ಸೀಗೆಕಾಯಿಯ ಘಮ. ಅಂಥ ಗಂಡ ಜಗಲಿಯ ಮೇಲೆ, ಹೆಂಡತಿ ಹೊಸಿಲಿನ ಒಳಗೆ. ಎಂಟು ದಿನ ತಡೆದಳು. ಅವನಿಲ್ಲದ ಕೋಣೆ ಬಿಕೋ ಎನ್ನುತ್ತಿತ್ತು. ಒಂಬತ್ತನೆಯ ದಿನ ಸಂಜೆ ಕಾಫಿ ಹಿಡಿದು ಜಗಲಿಗೆ ಬಂದಳು.

“ಮಾರಮ್ಮ ಮತ್ತೆ ಬಂದಿದ್ಲು. ಸಾಕು ಅಂದ್ಲು.”

“ಅಮ್ಮ ಅಂಗೆಲ್ಲ ಮಾತು ಬದ್ಲಾಯ್ಸಾಕಿಲ್ಲ ಕಣಮ್ಮಿ.”

ಇನ್ನು ದಾರಿಯಿರಲಿಲ್ಲ. “ಕನ್ಸೇ ಬಿದ್ದಿರ್ಲಿಲ್ಲ ಕಣ್ರೀ. ನಿಮ್ ಮೈ ವಾಸ್ನೆ ತಡೀಲಾರ್ದೆ ಅಂಗೇಳ್ಬುಟ್ಟೆ.”

ಮಹೇಂದ್ರ ಲೋಟ ಕೆಳಗಿಟ್ಟ. ಅವನ ಮುಖ ಸಣ್ಣಗಾಯಿತು.

“ಮೊದ್ಲೇ ಏಳ್ಬಾರ್ದಾಗಿತ್ತಾ? ಉಟ್ದಾಗ್ಲಿಂದ ಇದ್ರೊಳಗೇ ಇವ್ನಿ, ನಂಗೆ ಗೊತ್ತಾಗಾಕಿಲ್ಲ.”

“ನಿಮ್ಗೆ ಬೇಜಾರಾಯ್ತದೆ ಅಂತ.”

“ಆಯ್ತದೆ. ನೀನು ಆ ಕಡೆ ತಿರಿಕ್ಕೊಂಡಾಗ ಅದ್ಕಿಂತ ಜಾಸ್ತಿ ಆಗ್ತಿತ್ತು.”

ಒಳಗಿದ್ದ ಚಿಕ್ಕಬೀರಮ್ಮನವರ ಕಿವಿಗೆ ಎಲ್ಲವೂ ಬಿದ್ದಿತ್ತು. “ಅಮ್ಮನ ಎಸ್ರಲ್ಲಿ ಸುಳ್ಳಾ? ತಪ್ಪುಕಾಣ್ಕೆ ಒಪ್ಪಿಸ್ಬೇಕು ಕಣವ್ವ. ನಾಳೆಯಿಂದ ನೀನೂ ಬ್ಯಾರನ್ ತಾವ ಓಗಿ ಸೊಪ್ಪು ಕಟ್ಟು.” (ಮಾರಮ್ಮನ ಕೋಪಕ್ಕಿಂತ ಆ ವಾರ ಆಳು ಸಿಗದಿದ್ದುದೇ ಈ ತೀರ್ಪಿಗೆ ಕಾರಣವೆಂಬ ಅನುಮಾನ ಅನುಶ್ರೀಗೆ ಈಗಲೂ ಇದೆ.)

ಚಾಪೆ ಒಳಗೆ ಬಂತು. ಎರಡು ಹೊತ್ತಿನ ಸ್ನಾನವನ್ನು ಮಹೇಂದ್ರ ಬಿಡಲಿಲ್ಲ. ಅನುಶ್ರೀ ಬೆಳಗಿನಿಂದ ಸಂಜೆವರೆಗೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಮೊಣಕೈವರೆಗೆ ಕರಿ ಅಂಟು ಮೆತ್ತಿಕೊಂಡು ಬರುತ್ತಿದ್ದಳು.

ಮೂರನೆಯ ಸಂಜೆ ಅವಳಿಗೆ ಮೈಯೆಲ್ಲ ನೋವು. ಕೈಕಾಲು ತೊಳೆದ ಶಾಸ್ತ್ರ ಮಾಡಿ, ಆಗಷ್ಟೇ ಮಿಂದು ಜಗಲಿಯಲ್ಲಿ ಕೂತಿದ್ದ ಗಂಡನ ಭುಜಕ್ಕೆ ಒರಗಿದಳು. ಮಹೇಂದ್ರ ಸ್ವಲ್ಪ ಸರಿದ. ಅವಳೂ ಸರಿದಳು. ಅವನು ಇನ್ನಷ್ಟು ಸರಿದ. ಜಗಲಿ ಮುಗಿಯಿತು.

ಅವನು ಬೀದಿ ಕಡೆ ನೋಡುತ್ತಾ ಬಲು ಮೆಲ್ಲಗೆ ಹೇಳಿದ. “ಅನು, ಬೆಳಗಿನ ಜಾವ ನಂಗೊಂದ್ ಕನ್ಸು ಬಿತ್ತು ಕಣಮ್ಮಿ.”

ಕನಸಿನಲ್ಲಿ ಬಂದವರು ಯಾರೆಂದು ಅನುಶ್ರೀ ಕೇಳಲಿಲ್ಲ. ಎದ್ದು, ಸೀಗೆಕಾಯಿ ಡಬ್ಬಿ ಹಿಡಿದು ಬಚ್ಚಲಿಗೆ ನಡೆದಳು.