ಹಲ್ಲು ನಮ್ಮದು, ಹೆಸರು ಡಾಕ್ಟರಮ್ಮನದು

ನಮ್ಮ ಮನೆತನದ ಹಲ್ಲುಗಳು ಸುಮ್ಮನಿರುವ ಜಾತಿಯವಲ್ಲ. ವರ್ಷಕ್ಕೊಂದಾದರೂ ರಾಮಾಯಣ ಇದ್ದದ್ದೇ. ಅದರಲ್ಲಿ ಹೀರೋ ನಾನಾಗಬೇಕಿತ್ತು. ಕೈಗಾ ಬಸ್ಸು ಓಡಿಸುತ್ತ, ಪ್ರತಿ ತಿರುವಿನಲ್ಲೂ ಇಡೀ ಬಸ್ಸನ್ನು ನಗಿಸಿದವನು ನಾನು. ನನ್ನ ಕತೆ ಕೇಳಿ ಕಾಳಿ ನದಿಯ ಮೊಸಳೆಯೂ ಹಲ್ಲು ಬಿಟ್ಟದ್ದುಂಟು. ಕಾರವಾರಕ್ಕೆ ಮಕ್ಕಳ ಹಲ್ಲಿನ ಡಾಕ್ಟರಮ್ಮ ಬಂದರು, ನನ್ನ ಮಾರ್ಕೆಟ್ ಬಿತ್ತು.

ಪಿತ್ರಾರ್ಜಿತ

ಹಾರವಾಡದಲ್ಲಿರುವ ತಂಗಿಯ ಮಗಳಿಗೆ ಹಲ್ಲೆಲ್ಲ ಹಳದಿ, ಮೇಲೆ ಸಣ್ಣ ಸಣ್ಣ ಗುಳಿ. ನನ್ನ ಕತೆಗೆ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದಳು. ಒಮ್ಮೆಯಾದರೂ ಆ ಕೈ ಇಳಿಸಬೇಕು, ಅದೂ ನನ್ನ ಜೋಕಿನಿಂದಲೇ ಇಳಿಯಬೇಕು ಎಂಬುದು ನನ್ನ ಹಟ.

ಡಾಕ್ಟರಮ್ಮ ನೋಡಿ, "ತಿಕ್ಕದ ತಪ್ಪಲ್ಲ. ಹಲ್ಲಿನ ಮೇಲ್ಪದರವೇ ಹುಟ್ಟಿನಿಂದ ತೆಳು. ಮನೆತನದಲ್ಲಿ ಬರುವಂಥದ್ದು. ಮತ್ಯಾರಿಗಾದ್ರೂ ಉಂಟಾ?" ಎಂದರು.

ನಾನು ಗತ್ತಿನಿಂದ ಬಾಯಿ ತೆರೆದೆ. "ಅಪ್ಪನ ಆಸ್ತಿ, ಡಾಕ್ಟ್ರೇ."

ತಂಗಿಯೂ ಬಾಯಿ ತೆರೆದು ತೋರಿಸಿದಳು. "ಕೋಡಿಬಾಗದ ಮನೆ ಪೂರಾ ಅಣ್ಣಂಗೇ ಬರೆದ್ರು. ಹಲ್ಲಲ್ಲಿ ಮಾತ್ರ ನಂಗೂ ಸಮಪಾಲು!"

ಐಸಿನ ಡಬ್ಬಿ

ತಂಗಿಯ ಹಿರಿಮಗ ದೋಣಿಯಿಂದ ಹಾರಲು ಹೋಗಿ ಮುಂದಿನ ಹಲ್ಲನ್ನು ಬೇರುಸಮೇತ ಕಳಚಿಕೊಂಡ. ಹಾಲುಹಲ್ಲಲ್ಲ, ಮತ್ತೆ ಹುಟ್ಟದ ಹಲ್ಲು. ತಂಗಿಯ ಅತ್ತೆ ಅದನ್ನು ಹೆಕ್ಕಿ, ಬಂಗಡೆ ತೊಳೆದ ಹಾಗೆ ಗಸಗಸ ತಿಕ್ಕಿ, ಉಪ್ಪು-ಅರಿಶಿನ ಸವರಿ, ಐಸಿನ ಡಬ್ಬಿಯಲ್ಲಿಟ್ಟರು. ಆವತ್ತು ಅಲ್ಲೇ ಇದ್ದ ನಾನು ಪಕ್ಕದ ಮನೆಯ ರಿಕ್ಷಾದಲ್ಲಿ ಹುಡುಗ, ಡಬ್ಬಿ, ಅತ್ತೆ ಮೂರನ್ನೂ ಹೇರಿಕೊಂಡು, ವಿಮಾನ ನಾಚಬೇಕು, ಹಾಗೆ ಓಡಿಸಿದೆ.

ಡಾಕ್ಟರಮ್ಮ ಮುಚ್ಚಳ ತೆಗೆದು, "ಕೂಡಿಸ್ಲಿಕ್ಕಾ, ಹುರೀಲಿಕ್ಕಾ?" ಎಂದರು. ಬೇರು ತಿಕ್ಕಬಾರದಂತೆ, ಹಾಲಿನಲ್ಲಿ ಮುಳುಗಿಸಿ ತರಬೇಕಂತೆ. ಆದರೂ ತೊಳೆದು, ಗೂಡಿನಲ್ಲಿ ಕೂರಿಸಿ, ತಂತಿಯಿಂದ ಪಕ್ಕದ ಹಲ್ಲುಗಳಿಗೆ ಬಿಗಿದರು. "ನಿಲ್ತದೆ ಅಂತ ಮಾತು ಕೊಡೂದಿಲ್ಲ, ನೋಡ್ತಾ ಇರ್ಬೇಕು."

ಊರೆಲ್ಲ ಅವರ ಕೈಗುಣ ಹೊಗಳಿತು. ರಿಕ್ಷಾ ಏನು ತಾನಾಗಿ ಓಡಿತ್ತಾ?

ನನ್ನ ಪಕ್ಷಕ್ಕೆ ಬಂದವರು ಅತ್ತೆ ಒಬ್ಬರೇ. "ಮೀನು ತಿನ್ನೂ ಹಲ್ಲು ಅದು. ಹಾಲು ತಾಗಿದ್ರೆ ವಿರುದ್ಧ ಆಗ್ತದೆ. ಅಷ್ಟೂ ಗೊತ್ತಿಲ್ವಾ ಡಾಕ್ಟ್ರಿಗೆ?"

ಧೈರ್ಯದ ಸ್ಟಿಕ್ಕರ್

ತಂಗಿಯ ಮಗಳ ಮುಂದಿನ ಹಲ್ಲುಗಳಿಗೆ ಬಿಳಿ ಲೇಪ ಹಚ್ಚುವ ದಿನ ನಾನೇ ಜೊತೆಗೆ ಹೋದೆ. ಕುರ್ಚಿ ಹತ್ತುವಾಗ ಡಾಕ್ಟರಮ್ಮ ಏನೋ ಅಂದರು; ಇವಳು ಕೈ ಅಡ್ಡ ಹಿಡಿದು ಕಿಲಕಿಲ. ಅಂಥಾ ಜೋಕೇನಲ್ಲ ಬಿಡಿ. ಕೆಲಸ ಮುಗಿದ ಮೇಲೆ ಅವಳ ಅಂಗಿಗೆ ಹೊಳೆಯುವ ಸ್ಟಿಕ್ಕರ್: 'ನಾನು ಧೈರ್ಯದ ಮಗು.'

ಅಂಥದ್ದೊಂದು ನನಗೂ ಬೇಕೇ ಬೇಕು. "ನನ್ನದೂ ಒಂಚೂರು ನೋಡಿ," ಎಂದು ಆ ಪುಟ್ಟ ಕುರ್ಚಿ ಏರಿದೆ. ಡಾಕ್ಟರಮ್ಮ ಬರೀ ಗಾಳಿ ಊದಿದರು. ಪದರ ತೆಳುವಾದ ಹಲ್ಲಿಗೆ ಗಾಳಿಯೂ ಸೂಜಿ! "ಆಯೀ!" ಎಂದ ನನ್ನ ಕೂಗಿಗೆ ಬಂದರಿನ ದೋಣಿಗಳೆಲ್ಲ ದಡಕ್ಕೆ ಬಂದವು.

ಕಣ್ಣೊರೆಸಿಕೊಂಡು ಇಳಿದು ಎದೆ ಮುಂದೊಡ್ಡಿದೆ.

"ಸ್ಟಿಕ್ಕರ್ ಅಳದವ್ರಿಗೆ ಮಾತ್ರ," ಎಂದರು ಡಾಕ್ಟರಮ್ಮ.

ಹುಡುಗಿ ತನ್ನದನ್ನೇ ಕಿತ್ತು ನನ್ನ ಅಂಗಿಗೆ ಅಂಟಿಸಿದಳು. "ಇರ್ಲಿ ಮಾಮಾ. ಬಸ್ಸಲ್ಲಿ ಮತ್ತೆ ಅಳ್ಬೇಡ."

ಅವಳನ್ನು ಮನೆಗೆ ಬಿಡಲು ಅಂಕೋಲೆ ಬಸ್ಸು ಹತ್ತಿದೆವು. ಕಂಡಕ್ಟರ್ ನನ್ನ ಎದೆ ಓದಿದ. ನನ್ನ ಬಿಳಿ ಮೀಸೆ ನೋಡಿದ.

"ಅರ್ಧ ಟಿಕೆಟ್ಟಾ?"

ಇಡೀ ಬಸ್ಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಮ್ಮ ಹುಡುಗಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಬಾಯಿ ಪೂರಾ ತೆರೆದು.

ಅದೂ ಯಾರ ಜೋಕಿಗೆ? ಕಂಡಕ್ಟರನ ಜೋಕಿಗೆ!